ನಾಲ್ಕು ಕಟ್ಟು ಅಮೃತಬಳ್ಳಿ

ಔಷಧಿ ತಯಾರಿಸುವ ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕಹಿಯಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವಳು ಕೂರುವುದು ಹಿಂಬಾಗಿಲ ಪಕ್ಕದ ಉದ್ದನೆಯ ಮೇಜಿನಲ್ಲಿ. ಬಂದ ಬೇರು, ತೊಗಟೆ, ಬಳ್ಳಿಗಳನ್ನು ಬಿಚ್ಚಿ, ಕಸ ತೆಗೆದು, ಜಾತಿ ನೋಡಿ ಒಳಗೆ ಕಳಿಸುವುದು ಅವಳ ಕೆಲಸ. ಅನುಮಾನ ಬಂದರೆ ಒಂದು ಚೂರು ಕಚ್ಚಿ, ರುಚಿ ನೋಡಿ ಉಗುಳುತ್ತಾಳೆ. ಹೆಸರು ಬಂದದ್ದು ಹಾಗೆ.

ಎದುರಿಗೆ ಕೂರುವವಳು ಅವಳ ನಾದಿನಿ.

"ನಮ್ಮಣ್ಣ ಪಾಪ, ಮದುವೆಗೆ ಮುಂಚೆ ಎಷ್ಟು ಸಿಹಿಯಾಗಿದ್ದ!"

"ಸಿಹಿ ಜಾಸ್ತಿಯಾಗಿ ಇರುವೆ ಮುತ್ತಿತ್ತು ಕಣೆ. ನಾನು ಬಂದು ಉಳಿಸಿದೆ" ಎನ್ನುತ್ತಾಳೆ ಕಹಿಯಕ್ಕ, ಬಳ್ಳಿಯಿಂದ ಕಣ್ಣು ತೆಗೆಯದೆ.

ಎಲ್ಲ ಮದ್ದಿಗಿಂತ ಅಮೃತಬಳ್ಳಿಯೆಂದರೆ ಅವಳಿಗೆ ಒಂದು ಕೈ ಹೆಚ್ಚು ಅಭಿಮಾನ. ಕತ್ತರಿಸಿ ನೇತುಹಾಕಿದರೂ ಚಿಗುರುವ ಬಳ್ಳಿ ಅದು. ಅಡ್ಡಕ್ಕೆ ಕೊಯ್ದರೆ ಒಳಗೆ ಚಕ್ರದ ಕಡ್ಡಿಗಳಂತೆ ಗೆರೆಗಳು ಕಾಣುತ್ತವೆ. ಜ್ವರಕ್ಕೂ, ಜ್ವರ ಬಿಟ್ಟ ಮೇಲಿನ ನಿತ್ರಾಣಕ್ಕೂ ಅದರ ಕಷಾಯ ಕೊಡುವುದು ಬಹಳ ಹಿಂದಿನಿಂದ ನಡೆದು ಬಂದಿದೆ. ಪ್ರಯೋಗಾಲಯದ ಸಾರ್ ಒಮ್ಮೆ ಅವಳಿಗೆ ಬಿಡಿಸಿ ಹೇಳಿದ್ದರು: ಆ ಕಹಿ ಒಂದೇ ವಸ್ತುವಿನದಲ್ಲ, ಹಲವು ರಾಸಾಯನಿಕಗಳು ಸೇರಿ ಬಂದದ್ದು. ಅವುಗಳಲ್ಲಿ ಬರ್ಬೆರಿನ್ ಎಂಬುದು ಹಳದಿ ಬಣ್ಣದ್ದು, ಕೆಲವು ರೋಗಾಣುಗಳನ್ನು ಅದು ಬೆಳೆಯಗೊಡುವುದಿಲ್ಲ. ಅಂದಿನಿಂದ ಕಹಿಯಕ್ಕ ತನ್ನ ಬೆರಳಿನ ಹಳದಿ ಕಲೆಗಳನ್ನು ಸೋಪು ಹಾಕಿ ಉಜ್ಜುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ಮೂವತ್ತು ಕಟ್ಟು ಅಮೃತಬಳ್ಳಿ ಬಂತು. ಪ್ರಯೋಗಾಲಯದಲ್ಲಿ ಮೇಲಿನ ಕಟ್ಟಿನಿಂದ ಒಂದು ತುಂಡು ತೆಗೆದು ಪರೀಕ್ಷೆ ಮಾಡಿ, ಸರಿಯಿದೆ ಎಂಬ ಚೀಟಿಯನ್ನು ಆಗಲೇ ಅಂಟಿಸಿದ್ದರು. ಕಹಿಯಕ್ಕ ನಾಲ್ಕು ಕಟ್ಟನ್ನು ಪಕ್ಕಕ್ಕಿಟ್ಟಳು. ಅವುಗಳ ಕಾಂಡದ ತುಂಬ, ಅಮೃತಬಳ್ಳಿಗೆ ಇರದಷ್ಟು ಒತ್ತೊತ್ತಾಗಿ ಗಂಟುಗಳಿದ್ದವು.

ಮೇಲ್ವಿಚಾರಕ ಬಂದು ನೋಡಿದ. "ಚೀಟಿ ಇದೆಯಲ್ಲಮ್ಮ. ನಿನ್ನ ನಾಲಿಗೆಗೆ ಸರ್ಟಿಫಿಕೇಟ್ ಇದೆಯಾ?"

"ಇಲ್ಲ ಸಾರ್, ಹಲ್ಲಿದೆ."

ನಾದಿನಿ ನಕ್ಕಳು. ಮೇಲ್ವಿಚಾರಕ ನಗಲಿಲ್ಲ. "ಸರಿ, ಕೆಲಸ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸ್ತೀನಿ. ನಿನ್ನ ಮಾತು ಸುಳ್ಳಾದ್ರೆ ನಾಳೆಯಿಂದ ಬಾಟಲಿ ತೊಳೆಯೋ ಕಡೆ ಹೋಗು."

ಮೇಜಿನ ಕೆಳಗೆ ನಾದಿನಿ ಅವಳ ಕಾಲು ತುಳಿದಳು. "ಅತ್ತಿಗೆ, ಸುಮ್ನಿರು. ಊರ ಉಸಾಬರಿ ನಮಗ್ಯಾಕೆ?"

"ಇದೇ ಥರ ಕಾಣೋ ಇನ್ನೊಂದು ಬಳ್ಳಿ ಲಿವರ್ ಕೆಡಿಸುತ್ತೆ ಅಂತ ಪ್ರಯೋಗಾಲಯದ ಸಾರೇ ಹೇಳಿದ್ದಾರೆ" ಎಂದಳು ಕಹಿಯಕ್ಕ. "ಬೇಕಾದ್ರೆ ಬಾಟಲಿ ತೊಳೀತೀನಿ. ಇದನ್ನ ಮಾತ್ರ ಒಳಗೆ ಬಿಡಲ್ಲ." ಕಡ್ಡಿ ತುಂಡು ಮಾಡಿದ ಹಾಗಿತ್ತು ಮಾತು. ಆದರೆ ಕಟ್ಟುಗಳನ್ನೆತ್ತಿಕೊಂಡು ಪ್ರಯೋಗಾಲಯಕ್ಕೆ ಹೊರಡುವ ಮುನ್ನ ತನ್ನ ಮೇಜನ್ನು ಒಮ್ಮೆ ನೋಡಿಕೊಂಡಳು.

ಪ್ರಯೋಗಾಲಯದ ಸಾರ್ ನಾಲ್ಕೂ ಕಟ್ಟಿನಿಂದ ಒಂದೊಂದು ತುಂಡು ಪುಡಿ ಮಾಡಿ, ಸತ್ವ ತೆಗೆದು, ತೆಳುವಾದ ಬಿಳಿ ಫಲಕದ ತುದಿಯಲ್ಲಿ ಸಾಲಾಗಿ ಚುಕ್ಕೆ ಇಟ್ಟರು. ಪಕ್ಕದಲ್ಲಿ ಅಸಲಿ ಅಮೃತಬಳ್ಳಿಯದೂ ಒಂದು ಚುಕ್ಕೆ. ಫಲಕವನ್ನು ದ್ರಾವಣದಲ್ಲಿ ನಿಲ್ಲಿಸಿದಾಗ ದ್ರಾವಣ ನಿಧಾನವಾಗಿ ಮೇಲೇರಿತು. ಚುಕ್ಕೆಯೊಳಗಿನ ಒಂದೊಂದು ವಸ್ತುವೂ ತನ್ನ ತನ್ನ ಎತ್ತರಕ್ಕೆ ಹೋಗಿ ನಿಂತಿತು. ದೀಪದ ಕೆಳಗೆ ಹಿಡಿದರು. ಮೂರು ಸಾಲುಗಳ ಗೆರೆಗಳು ಅಸಲಿಗೆ ಹೊಂದಲೇ ಇಲ್ಲ.

"ಮೂರು ಬೇರೆ ಜಾತಿ. ನಾನು ಎಲ್ಲ ಕಟ್ಟೂ ನೋಡ್ಬೇಕಿತ್ತು, ತಪ್ಪಾಯ್ತು" ಎಂದರು ಸಾರ್. ಆಮೇಲೆ ಉಳಿದ ಸಾಲಿಗೆ ಬೆರಳಿಟ್ಟು, "ನಾಲ್ಕನೇದು ಅಸಲಿನೇ ಅಕ್ಕ. ಹಳೇ ಕಾಂಡ, ಅದಕ್ಕೇ ಗಂಟು ಜಾಸ್ತಿ. ಬಿಡಿ, ಅದನ್ನ ವರದಿಯಲ್ಲಿ ಬರೆಯಲ್ಲ."

ಕಹಿಯಕ್ಕನ ಮುಖ ಬಿಗಿಯಿತು. "ಯಾಕೆ ಬರೆಯಲ್ಲ? ನಾಲ್ಕು ತೆಗೆದ್ಲು, ಒಂದು ತಪ್ಪು ಅಂತ ಬರೀರಿ. ಹಳೇ ಕಾಂಡ ಹೀಗೂ ಇರುತ್ತೆ ಅಂತ ಮುಂದೆ ಆ ಮೇಜಲ್ಲಿ ಕೂರೋರಿಗೂ ಗೊತ್ತಾಗ್ಲಿ. ನನ್ನ ಮೂರು ನಿಜಕ್ಕೆ ಒಂದು ಸುಳ್ಳು ಊರುಗೋಲು ಬೇಡ."

ಸಾರ್ ತಲೆಯಾಡಿಸಿ, ಅವಳು ಹೇಳಿದಂತೆಯೇ ಬರೆದರು. ತಾವು ಒಂದೇ ಕಟ್ಟು ನೋಡಿದ್ದನ್ನೂ ಕೆಳಗೆ ಬರೆದು ಸಹಿ ಹಾಕಿದರು.

ಮರುದಿನ ಮೇಲ್ವಿಚಾರಕ ಹೊಸ ಸರಕನ್ನು ತಾನೇ ತಳ್ಳಿಕೊಂಡು ಬಂದ. "ಇನ್ಮೇಲೆ ನೀವು ಎಲ್ಲ ಕಟ್ಟು ಬಿಚ್ಚಿ ನೋಡಿದ ಮೇಲೇ ಪರೀಕ್ಷೆಗೆ ಹೋಗುತ್ತೆ" ಎಂದು ಹೇಳಿ, ಹೋಗದೆ ಅಲ್ಲೇ ನಿಂತ.

ಕಹಿಯಕ್ಕ ಬೆನ್ನು ನೆಟ್ಟಗೆ ಮಾಡಿ ಮೊದಲ ಕಟ್ಟು ಬಿಚ್ಚಿದಳು.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್. ನೆರಳು ಬೀಳ್ತಿದೆ."