ಬಾಳೆಹಣ್ಣಿನ ಕೋಣೆಯಲ್ಲಿ ಒಂದು ಪೀಪಾಯಿ

ಟೊಕ್. ಟೊಕ್, ಟೊಕ್.

ದುಬೈಯ ಸತ್ವಾದ ಆ ಗಲ್ಲಿಯಲ್ಲಿ ಬೆಳಗಾಗುವುದು ಹೀಗೆ. ಎದುರಿನ ಗ್ಯಾರೇಜಿನ ಪಠಾಣ, ನೆಗ್ಗಿದ ಕಾರಿನ ಬಾಗಿಲನ್ನು ಮರದ ಸುತ್ತಿಗೆಯಿಂದ ಒಳಬದಿಯಿಂದ ಬಡಿಯುತ್ತಾನೆ. ಜೋರಾಗಿ ಅಲ್ಲ, ಮಗುವಿನ ಬೆನ್ನು ತಟ್ಟಿದ ಹಾಗೆ. ಹಳೆಯ ವಿಲ್ಲಾದ ಹಿಂದಿನ ಕೋಣೆಯಲ್ಲಿ, ಮೂರು ಮಂಚಗಳ ಪೈಕಿ ಕಿಟಕಿಯ ಪಕ್ಕದ್ದರಲ್ಲಿ ಮಲಗುವ ಚನಿಯ ಪೂಜಾರಿಗೆ, ಕಣ್ಣು ಬಿಡುವ ಮೊದಲಿನ ಒಂದು ಕ್ಷಣ, ಅದು ಗ್ಯಾರೇಜಿನ ಸದ್ದಾಗಿರುವುದಿಲ್ಲ. ಕಟಪಾಡಿಯ ಹತ್ತಿರ ಅಪ್ಪ ತೆಂಗಿನ ಮರದ ತುದಿಯಲ್ಲಿ ಕೂತು ಹೊಂಬಾಳೆಯನ್ನು ಬಡಿಯುತ್ತಿರುತ್ತಾನೆ. ಹೊಂಬಾಳೆಗೆ ನೋಯಬೇಕು, ಆದರೆ ಅದು ಒಡೆಯಬಾರದು. ಹಾಗೆ ಬಡಿದರೆ ಮಾತ್ರ ಕಳ್ಳು ಇಳಿಯುತ್ತದೆ.

ಚನಿಯ ಮರ ಹತ್ತಲಿಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ದುಬೈಗೆ ಬಂದ. ಬರ್ ದುಬೈಯ ಒಂದು ಹೋಟೆಲಿನ ನೆಲಮಹಡಿಯಲ್ಲಿ ಇಂಗ್ಲಿಷ್ ಮಾದರಿಯ ಪಬ್ಬು ತೆರೆದಾಗ ಅಲ್ಲಿ ಸೇರಿಕೊಂಡವನು ಈಗಲೂ ಅಲ್ಲೇ ಇದ್ದಾನೆ. ಪಬ್ಬಿಗೆ ಇಂಗ್ಲೆಂಡಿನ ಹಳ್ಳಿಯ ವೇಷ ಹಾಕಿದ್ದರು. ಮರದ ತೊಲೆಯ ಹಾಗೆ ಬಣ್ಣ ಬಳಿದ ಫೈಬರಿನ ತೊಲೆಗಳು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿದ್ದರೂ ಒಳಗೆ ಕೆಂಪು ಬಲ್ಬಿನ ಬೆಂಕಿಗೂಡು. ಕೌಂಟರಿನ ಮೇಲೆ ಉದ್ದ ಹಿಡಿಯ ಮೂರು ಕೈಪಂಪುಗಳು. ಅವಕ್ಕೆ ಕೆಳಗೆ ಕೊಳವೆಯೇ ಇಲ್ಲ. ಬಿಯರೆಲ್ಲ ಬರುವುದು ಪಕ್ಕದ ನಲ್ಲಿಗಳಿಂದ, ಗ್ಯಾಸಿನ ಒತ್ತಡದಲ್ಲಿ. ಆದರೂ ಚನಿಯ ಇಪ್ಪತ್ತೈದು ವರ್ಷ ಪ್ರತಿ ಬೆಳಿಗ್ಗೆ ಆ ಮೂರು ಹಿಡಿಗಳನ್ನು ಒರೆಸಿ ಹೊಳೆಯಿಸಿದ್ದಾನೆ.

ಕೌಂಟರಿನ ಎಡತುದಿಯ ಸ್ಟೂಲು ಮಿಸ್ಟರ್ ಹಾರ್ಟ್ಲಿಯದು. ಬಂದರಿನ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದ ಇಂಗ್ಲೆಂಡಿನವರು, ವಾರಕ್ಕೆ ಎರಡು ಸಂಜೆ ಬರುವರು. ಮೊದಲ ಸಲ ಚನಿಯ ಮುಂದಿಟ್ಟ ಗ್ಲಾಸನ್ನು ಕುಡಿದು ಅವರು ಹೇಳಿದ್ದರು:

"ಸತ್ತಿದೆ. ಚೆನ್ನಾಗಿ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ ಕಳಿಸಿದ್ದಾರೆ. ಆದರೆ ಸತ್ತಿದೆ."

ಅವರ ಊರಿನ ಬಿಯರು ಬೇರೆಯಂತೆ. ಅದನ್ನು ಸೋಸುವುದಿಲ್ಲ, ಕಾಯಿಸುವುದಿಲ್ಲ, ಗ್ಯಾಸು ತುಂಬುವುದಿಲ್ಲ. ಪೀಪಾಯಿಯೊಳಗೆ ಕೂಡ ಅದು ಹುಳಿಯುತ್ತಲೇ ಇರುತ್ತದೆ, ಉಸಿರಾಡುತ್ತದೆ, ತೆರೆದ ಮೇಲೆ ಮೂರೇ ದಿನದ ಬಾಳು. ಅದಕ್ಕೆ ರಿಯಲ್ ಏಲ್ ಎನ್ನುತ್ತಾರೆ.

"ನಮ್ಮ ಕಳ್ಳೂ ಹಾಗೆಯೇ ಸರ್," ಅಂದ ಚನಿಯ. "ಬೆಳಿಗ್ಗೆ ಸಿಹಿ. ಮಧ್ಯಾಹ್ನಕ್ಕೆ ಸಿಟ್ಟು. ಸಂಜೆಗೆ ಮುದುಕ."

ಹಾರ್ಟ್ಲಿ ಗ್ಲಾಸು ಕೆಳಗಿಟ್ಟರು. ಕೌಂಟರಿನ ಆಚೆ ನಿಂತವನ ಮುಖವನ್ನು ಆಗ ಮೊದಲ ಸಲ ನೋಡಿದರು. "ನಿನ್ನ ಹೆಸರೇನು?"

ಆಮೇಲಿನ ವರ್ಷಗಳಲ್ಲಿ ಹಾರ್ಟ್ಲಿ ಪ್ರತಿ ಆಗಸ್ಟಿಗೆ ಇಂಗ್ಲೆಂಡಿಗೆ ಹೋಗುವರು. ಊರಿಂದೂರಿಗೆ ನಡೆದು, ದಿನಕ್ಕೊಂದು ಹಳೆಯ ಪಬ್ಬಿನಲ್ಲಿ ಕೂತು, ಅಲ್ಲಿಯ ಏಲಿನ ರುಚಿ ನೋಡುವರು. ಸೆಪ್ಟೆಂಬರಿನಲ್ಲಿ ತಿರುಗಿ ಬಂದು ಎಲ್ಲವನ್ನೂ ಚನಿಯನಿಗೆ ಹೇಳುವರು. ಚನಿಯ ಆ ಪಬ್ಬುಗಳ ಹೆಸರನ್ನು ತನ್ನ ಮಾತಿಗೆ ತಿರುಗಿಸಿಕೊಳ್ಳುತ್ತಿದ್ದ, ಊರಿನ ಮನೆಗಳನ್ನು ಹೆಸರಿಸುವ ಹಾಗೆ: ಮೂರು ಲಾಳ, ಬಿಳಿ ಜಿಂಕೆ, ನೇಗಿಲು. ನೇಗಿಲಿನ ಬಾಗಿಲು ಗಿಡ್ಡ, ತಲೆ ತಗ್ಗಿಸಿ ಒಳಗೆ ಹೋಗಬೇಕು. ಬಿಳಿ ಜಿಂಕೆಯಲ್ಲಿ ಕಲ್ಲು ಹಾಸಿನ ನೆಲ, ಬೆಂಕಿಯ ಎದುರು ಮಾಲಕಿಯ ಕುರುಡು ನಾಯಿ. ಮೂರು ಲಾಳದಲ್ಲಿ ಕೈಪಂಪೇ ಇಲ್ಲ. ಮಾಲಕ ನೆಲಮಾಳಿಗೆಗೆ ಇಳಿದು ಹೂಜಿಯಲ್ಲಿ ತುಂಬಿಸಿ ತರುತ್ತಾನೆ, ಅಲ್ಲಿಯವರೆಗೆ ಎಲ್ಲರೂ ಸುಮ್ಮನೆ ಕಾಯುತ್ತಾರೆ. ಸತ್ವಾದಿಂದ ಬಸ್ಸಿನಲ್ಲಿ ಬರುವಾಗ ಚನಿಯ ಕಣ್ಣು ಮುಚ್ಚಿದರೆ ಸಾಕು, ಮಳೆ ನಿಂತ ದಾರಿಯಲ್ಲಿ ಸ್ಟೇಷನ್ನಿನಿಂದ ನೇಗಿಲಿನವರೆಗೆ ನಡೆದುಬಿಡುತ್ತಿದ್ದ.

ಒಮ್ಮೆ ಇಂಗ್ಲೆಂಡಿನ ವೀಸಾಕ್ಕೆ ಅರ್ಜಿಯನ್ನೂ ಹಾಕಿದ. ಪ್ರವಾಸದ ಉದ್ದೇಶ ಎಂಬ ಜಾಗದಲ್ಲಿ ನಿಜವನ್ನೇ ಬರೆದ: ಬಿಯರಿನ ರುಚಿ ನೋಡುವುದು. ಅರ್ಜಿ ತಿರುಗಿ ಬಂತು. ಊರಿನಿಂದ ಹೆಂಡತಿ ಹರಿಣಾಕ್ಷಿ ಫೋನಿನಲ್ಲಿ ನಕ್ಕಳು. "ಇಷ್ಟು ವರ್ಷ ಬೇರೆಯವರ ಗ್ಲಾಸು ತುಂಬಿಸಿದ್ದು ಸಾಕಾಗ್ಲಿಲ್ವಾ ನಿಮಗೆ? ಇನ್ನು ಅವರ ಊರಿಗೆ ಹೋಗಿ ತುಂಬಿಸ್ಬೇಕಾ?"

"ತುಂಬಿಸ್ಲಿಕ್ಕೆ ಅಲ್ಲ ಮಾರಾಯ್ತಿ. ಕೂತ್ಕೊಳ್ಲಿಕ್ಕೆ," ಅಂದ ಚನಿಯ.

ಅದು ನಿಜ. ಕೆಲಸದವರು ಗಿರಾಕಿಗಳ ಕಡೆ ಕೂರುವ ಹಾಗಿರಲಿಲ್ಲ. ಹಾರ್ಟ್ಲಿಯೂ ಎಷ್ಟೋ ಸಲ ಹೇಳಿದ್ದರು: "ಒಂದು ದಿನ ನೀನು ಈ ಕಡೆಗೆ ಬಂದು ನನ್ನ ಪಕ್ಕದಲ್ಲಿ ಕೂರಬೇಕು ಚಾನಿ. ಜೀವ ಇರುವ ಒಂದು ಗ್ಲಾಸು ನಿನಗೆ, ಒಂದು ನನಗೆ."

ಈ ವರ್ಷ ಹಾರ್ಟ್ಲಿ ಹೊರಟರು, ಇಂಗ್ಲೆಂಡಿಗಲ್ಲ. ಹೆಂಡತಿ ತೀರಿಕೊಂಡಿದ್ದರು, ಹೃದಯ ಸೋತಿತ್ತು, ಆಸ್ಟ್ರೇಲಿಯಾದಲ್ಲಿದ್ದ ಮಗಳು ತನ್ನ ಮನೆಯಲ್ಲೇ ಇರಬೇಕು ಎಂದಿದ್ದಳು. ಶುಕ್ರವಾರ ಸಂಜೆಯ ವಿಮಾನ. ಇನ್ನು ನೇಗಿಲಿಗೂ ಹೋಗುವುದಿಲ್ಲ, ಈ ಸ್ಟೂಲಿಗೂ ಬರುವುದಿಲ್ಲ.

ಇದು ಪಬ್ಬಿನ ಮ್ಯಾನೇಜರ್ ಎಲ್ರಾಯ್‌ಗೆ ಗೊತ್ತಾಯಿತು. ಕಿನ್ನಿಗೋಳಿಯ ಹುಡುಗ, ಬಾಯಿ ಜೋರು, ಮನಸ್ಸು ಮೆತ್ತಗೆ. ಪಬ್ಬಿನ ಇಪ್ಪತ್ತೈದನೆಯ ವರ್ಷದ ನೆಪ ಹೇಳಿ, ಹೋಟೆಲಿನವರನ್ನು ಒಪ್ಪಿಸಿ, ಇಂಗ್ಲೆಂಡಿನಿಂದ ವಿಮಾನದಲ್ಲಿ ಒಂದು ಪೀಪಾಯಿ ರಿಯಲ್ ಏಲ್ ತರಿಸಿದ. ಮಂಗಳವಾರ ಅದು ಬಂದಿಳಿಯಿತು. ನಲವತ್ತು ಲೀಟರಿನ, ಹೊಟ್ಟೆ ಉಬ್ಬಿದ ಸ್ಟೀಲಿನ ಪೀಪಾಯಿ.

"ಶುಕ್ರವಾರ ನಿಮಗೆ ರಜೆ ಚನಿಯಣ್ಣ," ಅಂದ ಎಲ್ರಾಯ್. "ಯೂನಿಫಾರ್ಮ್ ಹಾಕ್ಬೇಡಿ. ಒಳ್ಳೆ ಶರ್ಟು ಹಾಕಿ ಮುಂದಿನ ಬಾಗಿಲಿನಿಂದ ಬನ್ನಿ. ನಾನು ನಿಮಗೆ ಸರ್ ಅಂತೇನೆ, ನಗಾಡ್ಬಾರ್ದು ಮತ್ತೆ."

ಪೀಪಾಯಿಯನ್ನು ಎಲ್ಲಿ ಇಡುವುದು ಎಂಬುದೇ ತೊಡಕಾಯಿತು. ಬಿಯರಿನ ಕೋಣೆಯಲ್ಲಿ ಮೂರು ಡಿಗ್ರಿ ಚಳಿ. ಜೀವ ಇರುವ ಬಿಯರು ಅಲ್ಲಿ ಮರಗಟ್ಟುತ್ತದೆ. ಅದಕ್ಕೆ ಹನ್ನೆರಡು, ಹದಿಮೂರು ಡಿಗ್ರಿ ಬೇಕು ಎಂದು ಹಾರ್ಟ್ಲಿ ಹೇಳಿದ್ದರು. ಚನಿಯ ಟ್ರಾಲಿ ತಳ್ಳಿಕೊಂಡು ಹೋಟೆಲಿನ ತರಕಾರಿ ಸ್ಟೋರಿಗೆ ಹೋದ. ಅಲ್ಲಿಯ ಸ್ಟೋರ್‌ಕೀಪರ್ ಮುಹಿಯುದ್ದೀನ್, ಬಂಟ್ವಾಳದ ಕಡೆಯ ಬ್ಯಾರಿ, ಚನಿಯನಿಗಿಂತ ಎರಡು ವರ್ಷ ಹಿರಿಯ.

"ಬ್ಯಾರಿಗಳೇ, ನಿಮ್ಮ ಬಾಳೆಹಣ್ಣಿನ ಕೋಣೆಯಲ್ಲಿ ಎಷ್ಟು ಡಿಗ್ರಿ ಉಂಟು?"

"ಹದಿಮೂರು. ಎಂತಕ್ಕೆ, ನಿಮಗೆ ಮಲಗ್ಲಿಕ್ಕಾ?"

"ನನಗಲ್ಲ. ಇಂಗ್ಲೆಂಡಿನಿಂದ ಒಬ್ಬರು ಬಂದಿದ್ದಾರೆ."

ಮುಹಿಯುದ್ದೀನ್ ಬಗ್ಗಿ ಟ್ರಾಲಿಯನ್ನು ನೋಡಿದರು. ನೆಟ್ಟಗಾದರು. "ಅಸ್ತಗ್ಫಿರುಲ್ಲಾ. ಪೂಜಾರ್ರೇ, ನನ್ನ ಸ್ಟೋರಿಗೆ ಇಂಥದ್ದು ಒಂದು ದಿನ ಬಂದದ್ದಿಲ್ಲ."

"ಕೆಲವೇ ದಿನ ಮಾರಾಯ್ರೆ. ಆ ಮುದುಕರು ಹೋಗ್ತಾ ಇದ್ದಾರೆ."

ಮುಹಿಯುದ್ದೀನ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ನಾನು ಮುಟ್ಟುವುದಿಲ್ಲ. ನನ್ನ ಸ್ಟೋರಿನ ಯಾರೂ ಮುಟ್ಟುವುದಿಲ್ಲ."

"ಅದೇ ಬೇಕಾದ್ದು. ಅದು ಅಲುಗಬಾರದು."

ಮುಹಿಯುದ್ದೀನ್ ಬಾಳೆಹಣ್ಣಿನ ಪೆಟ್ಟಿಗೆಗಳನ್ನು ಸರಿಸಿ, ಮೂಲೆಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು. "ಖಲಾಸ್. ಗೆರೆಯ ಆಚೆ ನಿಮ್ಮ ಇಂಗ್ಲೆಂಡು. ಈಚೆ ನನ್ನ ಬಾಳೆಹಣ್ಣು."

ಹಾರ್ಟ್ಲಿ ಇಷ್ಟು ವರ್ಷ ಹೇಳಿಕೊಟ್ಟಿದ್ದನ್ನೆಲ್ಲ ಚನಿಯ ಒಂದೊಂದಾಗಿ ಮಾಡಿದ. ಪೀಪಾಯಿಯನ್ನು ಅಡ್ಡ ಮಲಗಿಸಿ ಎರಡೂ ಬದಿಗೆ ಮರದ ಬೆಣೆ ಕೊಟ್ಟ. ಬುಧವಾರ, ಒಳಗಿನ ಗಾಳಿ ಮೆಲ್ಲಗೆ ಹೋಗಲೆಂದು, ಮೇಲಿನ ತೂತಿಗೆ ಮೆತ್ತನೆಯ ಮರದ ಮೊಳೆ ಬಡಿದ. ಅದರ ಸುತ್ತ ನೊರೆ ಬುಸುಬುಸು ಬಂತು, ನಿಂತಿತು. ಗುರುವಾರ ಸುತ್ತಿಗೆ ಎತ್ತಿ ಒಂದೇ ಪೆಟ್ಟಿಗೆ ನಲ್ಲಿಯನ್ನು ಕೂರಿಸಿದ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಗೆರೆಯಾಚೆ ನಿಂತಿದ್ದ ಮುಹಿಯುದ್ದೀನ್ ತಮಗೆ ಗೊತ್ತಿಲ್ಲದೆ "ಮಾಶಾಅಲ್ಲಾ" ಅಂದು, ಆಮೇಲೆ ಕೆಮ್ಮಿದರು.

ಶುಕ್ರವಾರ ಬೆಳಿಗ್ಗೆ, ಸತ್ವಾದ ದರ್ಜಿ ಹೊಲಿದುಕೊಟ್ಟ ತಿಳಿನೀಲಿ ಶರ್ಟು ಹಾಕಿಕೊಂಡು ಚನಿಯ ಬೇಗನೆ ಬಂದ. ಮಧ್ಯಾಹ್ನ ಹನ್ನೆರಡಕ್ಕೆ ಹಾರ್ಟ್ಲಿ ಬರುವವರಿದ್ದರು. ನೋಡೋಣವೆಂದು ಚನಿಯ ನಲ್ಲಿ ತಿರುಗಿಸಿ ಗ್ಲಾಸಿಗೆ ನಾಲ್ಕು ಬೆರಳು ಹಿಡಿದ.

ಗ್ಲಾಸಿನಾಚೆ ಬಾಳೆಹಣ್ಣಿನ ಪೆಟ್ಟಿಗೆಯ ಮೇಲಿನ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅಷ್ಟು ತಿಳಿ.

ಚನಿಯ ಗ್ಲಾಸನ್ನು ತಿರುಗಿಸಿ ಮತ್ತೆ ನೋಡಿದ. ಇಷ್ಟು ತಿಳಿಯಾದ ಬಿಯರನ್ನು ಅವನು ದಿನವೂ ಆ ನಲ್ಲಿಗಳಿಂದ ಹಿಡಿಯುತ್ತಿದ್ದ. ಸೋಸಿದ್ದು, ಸತ್ತದ್ದು. ಇದರಲ್ಲಿ ಜೀವ ಎಲ್ಲಿ? ಅಪ್ಪ ಕಳ್ಳಿನ ಮಡಕೆಯನ್ನು ಸುರಿಯುವ ಮೊದಲು ಎರಡು ಕೈಯಲ್ಲಿ ಹಿಡಿದು, ತೊಟ್ಟಿಲು ತೂಗಿದ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗುತ್ತಿದ್ದ. ಜೀವ ಅಡಿಯಲ್ಲಿ ಮಲಗಿರುತ್ತದೆ ಮಗಾ, ಎಬ್ಬಿಸಬೇಕು. ಕದಡದೆ ಕೊಟ್ಟ ಕಳ್ಳು ನೀರು. ಹಾರ್ಟ್ಲಿ ಅಲುಗಿಸಬೇಡ ಎಂದದ್ದು ಮಲಗುವ ದಿನಗಳಿಗೆ, ಅದು ಮಲಗಿದ್ದಾಯಿತಲ್ಲ. ಏಲಿನ ರುಚಿ, ವಾಸನೆ, ಅದನ್ನು ಕುಡಿದ ಕೋಣೆಯ ಬೆಳಕು ಎಲ್ಲವನ್ನೂ ಹೇಳಿದ ಹಾರ್ಟ್ಲಿ, ಅದು ಕಣ್ಣಿಗೆ ಹೇಗಿರುತ್ತದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಅವರ ಊರಿನಲ್ಲಿ ಅದು ಹೇಳುವ ವಿಷಯವೇ ಆಗಿರಲಿಲ್ಲವೇನೋ.

ಚನಿಯ ಬೆಣೆ ತೆಗೆದ. ಎರಡು ಕೈಯಲ್ಲಿ ಪೀಪಾಯಿಯನ್ನು ಹಿಡಿದು, ಬಹಳ ಮೃದುವಾಗಿ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿದ.

ಹನ್ನೆರಡಕ್ಕೆ ಅವನೇ ಹೂಜಿಯಲ್ಲಿ ತುಂಬಿಸಿ ತಂದ. ಎಲ್ರಾಯ್ "ಬನ್ನಿ ಸರ್" ಎಂದು ಸ್ಟೂಲು ಎಳೆದುಕೊಟ್ಟ. ಚನಿಯ ಹಾರ್ಟ್ಲಿಯ ಪಕ್ಕದಲ್ಲಿ ಕೂತ. ಈ ಕಡೆಯಿಂದ ಪಬ್ಬು ಬೇರೆಯೇ ಆಗಿ ಕಾಣುತ್ತಿತ್ತು, ಕೌಂಟರು ಅವನು ತಿಳಿದುಕೊಂಡದ್ದಕ್ಕಿಂತ ಎತ್ತರವಿತ್ತು. ಎಲ್ರಾಯ್ ಎರಡು ಗ್ಲಾಸು ತುಂಬಿಸಿದ.

ಹಾರ್ಟ್ಲಿ ಗ್ಲಾಸನ್ನು ಬೆಳಕಿಗೆ ಹಿಡಿದರು. ಕೆರೆಯ ನೀರಿಗೆ ಎಮ್ಮೆ ಇಳಿದ ಹಾಗಿತ್ತು. ಒಂದು ಗುಟುಕು ಕುಡಿದು ಗ್ಲಾಸನ್ನು ನಿಧಾನವಾಗಿ ಕೆಳಗಿಟ್ಟರು.

"ಯಾರಾದರೂ ಅಲ್ಲಾಡಿಸಿದರಾ?"

ಎಲ್ರಾಯ್ ಬೇಗನೆ ಬಾಯಿ ಹಾಕಿದ. "ಸ್ಟೋರಿನವರು ಪೆಟ್ಟಿಗೆ ತಾಗಿಸಿರಬೇಕು ಸರ್, ಅವರಿಗೆ ಇದೆಲ್ಲ..."

"ಇಲ್ಲ," ಅಂದ ಚನಿಯ. "ಅವರು ಗೆರೆ ದಾಟಲಿಲ್ಲ. ನಾನೇ ಮಾಡಿದ್ದು. ತುಂಬಾ ತಿಳಿಯಾಗಿತ್ತು ಸರ್. ಸತ್ತಿದೆ ಅಂದುಕೊಂಡೆ. ಎಬ್ಬಿಸಿದೆ."

ಹಾರ್ಟ್ಲಿ ಅವನನ್ನು ನೋಡಿದರು. ನಗು ಬಂತು, ನಗು ಕೆಮ್ಮಾಯಿತು, ಕಣ್ಣೊರೆಸಿಕೊಂಡರು. "ತಿಳಿಯಾಗಿತ್ತಾ? ಎಷ್ಟು ತಿಳಿ?"

"ಆಚೆಯ ಅಕ್ಷರ ಓದಬಹುದಿತ್ತು."

"ಹಾಗಾದರೆ ನೀನು ಎಲ್ಲ ಸರಿಯಾಗಿಯೇ ಮಾಡಿದ್ದೆ ಚಾನಿ." ಅವರು ಗಡಿಯಾರ ನೋಡಿದರು. "ಮತ್ತೆ ತಿಳಿಯಾಗಲು ಒಂದೂವರೆ ದಿನ ಬೇಕು. ನನಗೆ ನಾಲ್ಕು ಗಂಟೆಗೆ ಟ್ಯಾಕ್ಸಿ."

ಚನಿಯ ತನ್ನ ಗ್ಲಾಸಿಗೆ ಕೈ ಚಾಚಿದ. ತಪ್ಪು ತನ್ನದು, ತಾನು ಕುಡಿಯಬೇಕು ಅನಿಸಿತ್ತು. ಹಾರ್ಟ್ಲಿ ತಮ್ಮ ಅಂಗೈಯನ್ನು ಆ ಗ್ಲಾಸಿನ ಬಾಯಿಗೆ ಮುಚ್ಚಿದರು. ಕಂದು ಚುಕ್ಕೆಗಳ, ಸೊರಗಿದ ಕೈ.

"ಇದನ್ನು ಬೇಡ. ನಿನ್ನ ಮೊದಲನೆಯದು ಇದಾಗಬಾರದು. ಭಾನುವಾರ ಕುಡಿ. ಇಷ್ಟು ವರ್ಷ ನಾನು ನಿನಗೆ ಹೇಳಿದೆ. ಈ ಸಲ ಹೇಗಿತ್ತೆಂದು ನೀನು ನನಗೆ ಹೇಳು."

ಟ್ಯಾಕ್ಸಿ ಬರುವವರೆಗೆ ಇಬ್ಬರೂ ಅಲ್ಲೇ ಪಕ್ಕಪಕ್ಕ ಕೂತಿದ್ದರು. ಎದುರು ಎರಡು ತುಂಬಿದ ಗ್ಲಾಸು. ಮೂರೂವರೆಯ ಹೊತ್ತಿಗೆ ಮೇಲ್ಭಾಗದಲ್ಲಿ ಒಂದು ಕೂದಲೆಳೆಯಷ್ಟು ತಿಳಿ ಕಾಣಿಸಿತು. ಹಾರ್ಟ್ಲಿ ಬೆರಳಿನಿಂದ ಅದನ್ನು ತೋರಿಸಿದರು. ಹೊರಡುವಾಗ ಕೈ ಕುಲುಕಿದರು, ಬಿಡಲು ಸ್ವಲ್ಪ ತಡ ಮಾಡಿದರು.

ಭಾನುವಾರ ಬೆಳಿಗ್ಗೆ ಪಬ್ಬು ತೆರೆಯುವ ಮೊದಲು ಚನಿಯ ಬಾಳೆಹಣ್ಣಿನ ಕೋಣೆಗೆ ಹೋದ. ನಲ್ಲಿ ತಿರುಗಿಸಿದ. ಗ್ಲಾಸಿನೊಳಗೆ ಜೇನಿನ ಬಣ್ಣ, ಅಂಚಿನಲ್ಲಿ ತೆಳ್ಳಗೆ ನೊರೆ. ಹಣ್ಣಿನ ಪೆಟ್ಟಿಗೆಗಳ ನಡುವೆ ನಿಂತೇ ಕುಡಿದ. ಒಂದು ಗುಟುಕು, ತಡೆದು ಇನ್ನೊಂದು. ಯಾವುದೋ ಕಲ್ಲಿನ ನೆಲದ ತಂಪು ನಾಲಿಗೆಯ ಮೇಲೆ ಬಂದು ಕೂತಿತು. ನೇಗಿಲಿನ ಬಗ್ಗೆ ಹೇಳುವಾಗ ಹಾರ್ಟ್ಲಿ ಯಾಕೆ ನಡುನಡುವೆ ಸುಮ್ಮನಾಗುತ್ತಿದ್ದರು ಎಂದು ಈಗ ತಿಳಿಯಿತು. ಪಕ್ಕಕ್ಕೆ ತಿರುಗಿದ, ಏನೋ ಹೇಳುವವನ ಹಾಗೆ. ಪಕ್ಕದಲ್ಲಿ ಬಾಳೆಹಣ್ಣಿನ ಪೆಟ್ಟಿಗೆಗಳಿದ್ದವು.

ಗೆರೆಯಾಚೆ ಮುಹಿಯುದ್ದೀನ್ ಬಂದು ನಿಂತಿದ್ದರು, ಕೈಯಲ್ಲಿ ತರಕಾರಿಯ ಪಟ್ಟಿ. ಅವರಿಗೆ ಕೇಳಬಾರದು ಅಂತಿತ್ತು, ಕೇಳಿದರು.

"ಹೇಗುಂಟು ಪೂಜಾರ್ರೇ? ಆ ಮುದುಕರಿಗೆ ಹೇಳ್ಬೇಕಲ್ಲ ನೀವು. ಎಂತ ಹೇಳ್ತೀರಿ?"

"ಎಂತ ಹೇಳುವುದು ಬ್ಯಾರಿಗಳೇ," ಚನಿಯ ಖಾಲಿ ಗ್ಲಾಸನ್ನು ನೋಡಿದ. "ಮೊದಲು ಸ್ವಲ್ಪ ಕಹಿ. ಮತ್ತೆ ಆ ಕಹಿಯ ಹಿಂದಿನಿಂದ ಒಂದು... ಅವರು ಇಲ್ಲಿ ಇದ್ದಿದ್ದರೆ ನಾನು ಹೇಳುವುದೇ ಬೇಕಿರಲಿಲ್ಲ, ಸುಮ್ಮನೆ ಮುಖ ನೋಡಿದ್ದರೆ ಅವರಿಗೆ..." ಎನ್ನುತ್ತ ಅವನು ಗೆರೆ ದಾಟಿ, ಬಾಗಿಲು ತಳ್ಳಿಕೊಂಡು, ಉದ್ದನೆಯ ಕಾರಿಡಾರಿನಲ್ಲಿ ಪಬ್ಬಿನ ಕಡೆಗೆ ನಡೆದ, ಹಾರ್ಟ್ಲಿಗೆ ಹೇಳಬೇಕಾದ ಮಾತನ್ನು ಇನ್ನೂ ಹುಡುಕುತ್ತ.