ಅಪ್ಪನ ಸ್ವರದ ಮೇಲೆ ನಮ್ಮ ಸ್ವರ

ಬೈಕಂಪಾಡಿಯಿಂದ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಚ್ಚಲೂ ಆಗದಷ್ಟು ಸುಸ್ತಾಗಿ ಜಗಲಿಯಲ್ಲಿ ಕೂತಿದ್ದೆ. ಮಗಳು ಮೊಬೈಲ್ ಹಿಡಿದು ಬಂದಳು. "ಪಪ್ಪಾ, ತೀರಿಹೋದವರ ಸ್ವರದಲ್ಲಿ ಮಾತಾಡುವ ಆ್ಯಪ್ ಉಂಟು. ಅಜ್ಜನ ಸ್ವರ ಸ್ವಲ್ಪ ಸಿಕ್ಕಿದ್ರೆ ಸಾಕು. ಎಲ್ಲಿಯಾದ್ರೂ ಉಂಟಾ?"

ನಾನು ಚಿಕ್ಕವನಿದ್ದಾಗ ಅಪ್ಪ ದುಬೈಯಲ್ಲಿದ್ದರು. ಆಗ ಫೋನು ದುಬಾರಿ, ಅಮ್ಮನಿಗೆ ಬರೆಯಲು ಬಾರದು. ಊರಿಗೆ ಬರುವವರ ಕೈಯಲ್ಲಿ ಅಪ್ಪ ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು. ಅತ್ತರಿನ ವಾಸನೆ ಹತ್ತಿದ ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆವು. ಮಾತಿಗಿಂತ ಅವರ ಕೆಮ್ಮೇ ಹೆಚ್ಚು.

ಯಾರಾದರೂ ದುಬೈಗೆ ಹೊರಟರೆಂದು ಗೊತ್ತಾದರೆ ಅಮ್ಮ ತಲೆ ಬಾಚಿ, ಕುಂಕುಮ ಇಟ್ಟು ಟೇಪ್ ರೆಕಾರ್ಡರಿನ ಮುಂದೆ ಕೂರುತ್ತಿದ್ದಳು. ಕೆಂಪು ಗುಂಡಿ ಒತ್ತಿ, ಅದೇ ಕ್ಯಾಸೆಟ್ಟಿನ ಎರಡೂ ಬದಿ ತುಂಬುವವರೆಗೆ, ನಡುನಡುವೆ ನಮ್ಮನ್ನೂ ಮಾತಾಡಿಸಿ, ಉತ್ತರ ಹೇಳುತ್ತಿದ್ದಳು. ಅಪ್ಪನ ಮಾತು ಅಳಿಸಿಹೋಗುತ್ತಿತ್ತು. ಅಲ್ಲಿ ಅಪ್ಪನೂ ನಮ್ಮ ಮಾತಿನ ಮೇಲೆಯೇ ಮಾತಾಡಿ ಕಳಿಸುತ್ತಿದ್ದರು. ಗಲ್ಫಿನವರ ಎಲ್ಲ ಮನೆಗಳಲ್ಲೂ ಹೀಗೆಯೇ.

"ಹೊಸ ಕ್ಯಾಸೆಟ್ ಯಾಕೆ? ಇದೇ ಸರಿ ಉಂಟಲ್ಲ," ಎನ್ನುತ್ತಿದ್ದಳು ಅಮ್ಮ.

ಅಪ್ಪ ಅಲ್ಲಿಯೇ ತೀರಿಕೊಂಡರು. ಅವರ ಸಾಮಾನಿನ ಜೊತೆ ಕ್ಯಾಸೆಟ್ಟೂ ಬಂತು. ಅಮ್ಮ ಆಸೆಯಿಂದ ಹಾಕಿದಳು. ಎರಡೂ ಬದಿಯಲ್ಲಿ ಇದ್ದದ್ದು ನಾವೇ. ಅಪ್ಪ ಇನ್ನೂ ಉತ್ತರ ತುಂಬಿಸಿರಲಿಲ್ಲ.

"ಇಲ್ಲ ಮಾರಾಯ್ತಿ, ಅಜ್ಜನ ಸ್ವರ ಇಲ್ಲ," ಎಂದೆ ಮಗಳಿಗೆ.

ಆ ಕ್ಯಾಸೆಟ್ ಈಗಲೂ ಕಪಾಟಿನಲ್ಲಿದೆ. ಅದರ ಕೊನೆಯಲ್ಲಿ ಅಮ್ಮ ಹೇಳುತ್ತಾಳೆ: "ಈ ಸಲ ಸ್ವಲ್ಪ ಹೆಚ್ಚು ಮಾತಾಡಿ, ಆಯ್ತಾ? ಮಕ್ಕಳಿಗೆ ನಿಮ್ಮ ಸ್ವರ ಮರೆತುಹೋಗ್ತದೆ."