ಎತ್ತು ಅಳೆದ ಎಕರೆ

ಮಳವಳ್ಳಿಯಲ್ಲಿ ಇಂಗ್ಲಿಷ್ ಟೀಚರಾಗಿ ನಿವೃತ್ತಳಾದವಳು ನಾನು. ಪಾಠ ಬಿಟ್ಟರೂ ಡಿಕ್ಷನರಿ ತಿರುವುವ ಚಟ ಬಿಟ್ಟಿಲ್ಲ. ಅದರಿಂದ ಯಾರಿಗೂ ನಾಲ್ಕಾಣೆ ಉಪಯೋಗವಿಲ್ಲವೆಂದು ನನ್ನ ತಮ್ಮ ಆಡಿಕೊಳ್ಳುತ್ತಿರುತ್ತಾನೆ.

ಆತಗೂರಿನ ಹತ್ತಿರ ನಮ್ಮಪ್ಪ ಬಿಟ್ಟುಹೋದದ್ದು ನಾಲೆಯ ಕೆಳಗೆ ಒಂದು ಎಕರೆ ಗದ್ದೆ, ದಿಣ್ಣೆಯ ಮೇಲೆ ಒಂದು ಎಕರೆ ಕಲ್ಲುಹೊಲ. ನನಗೆ ಪಿಂಚಣಿ ಬರುತ್ತದೆ, ಪಾಲು ಬೇಡವೆಂದೆ. ನಮ್ಮಿಬ್ಬರಿಗಿಂತ ಚಿಕ್ಕವಳಾದ ತಂಗಿ ಗಂಡನನ್ನು ಕಳೆದುಕೊಂಡು ಊರಿಗೆ ಬಂದಿದ್ದಳು. ಅವಳ ಬದುಕು ಆ ಪಾಲಿನ ಮೇಲೆಯೇ ನಿಂತಿತ್ತು. ಗದ್ದೆಯನ್ನು ತಮ್ಮ ತಾನಿಟ್ಟುಕೊಂಡು ಅವಳಿಗೆ ದಿಣ್ಣೆ ತೋರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಎಕ್ರೆಗೆ ಎಕ್ರೆ ಕೊಟ್ಟಿವ್ನಿ ಕಣಕ್ಕ. ಟೇಪು ಸುಳ್ಳೇಳ್ತದಾ?" ಎಂದ.

ನಾನು ಡಿಕ್ಷನರಿಯಲ್ಲಿ ಓದಿದ್ದನ್ನು ಒಪ್ಪಿಸಿದೆ. ಎಕರೆ ಹಳೆಯ ಇಂಗ್ಲಿಷ್ ಮಾತು. ನಮ್ಮ ಸಂಸ್ಕೃತದ 'ಅಜ್ರ'ಕ್ಕೂ ಅದಕ್ಕೂ ನಂಟಿದೆ. ಮೊದಲು ಅದಕ್ಕೆ ಹೊಲ ಎಂದಷ್ಟೇ ಅರ್ಥ. ಆಮೇಲೆ ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ ಎಂದಾಯಿತು. ಅಳತೆಗೋಲಿಟ್ಟು ಗೊತ್ತು ಮಾಡಿದ್ದು ಅರಸರು, ಬಹಳ ತಡವಾಗಿ.

"ಇಂಗ್ಲಿಸ್ನೋರ್ ಎತ್ತು ಇಲ್ಲಿಗ್ಯಾಕೆ, ಬುಡಕ್ಕ," ಎಂದು ನಕ್ಕು ಎದ್ದುಹೋದ.

ಯುಗಾದಿ ಬಂತು. ಅವತ್ತು ನಮ್ಮ ಕಡೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ. ದುಡಿಮೆಯೆಲ್ಲ ಟ್ರ್ಯಾಕ್ಟರಿನದಾದರೂ ತಮ್ಮ ಒಂದು ಜೊತೆ ಎತ್ತನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದಾನೆ. ಮೈ ತೊಳೆದು, ಪೂಜೆ ಮಾಡಿ, ನೊಗ ಹೂಡಿ ಗದ್ದೆಯಲ್ಲಿ ನಾಲ್ಕು ಸುತ್ತು ಹೊಡೆದ. ಬದುವಿನ ಮೇಲೆ ತಂಗಿ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ನನ್ನೊಲದಲ್ಲೂ ಒನ್ನಾರು ಕಟ್ಟಣ್ಣ," ಎಂದಳು.

ಹಬ್ಬದ ದಿನ, ಊರವರ ಎದುರು ಇಲ್ಲವೆನ್ನುವುದು ಹೇಗೆ? ಎತ್ತುಗಳನ್ನು ದಿಣ್ಣೆಗೆ ಹೊಡೆದುಕೊಂಡು ಹೋದ. ನಾವಿಬ್ಬರೂ ಹಿಂದೆ ಹೋದೆವು. ಮೊದಲ ಸಾಲಿನಲ್ಲೇ ನೇಗಿಲು ಕಲ್ಲಿಗೆ ಸಿಕ್ಕಿತು. ಕಿತ್ತು ಮುಂದೆ ಹೊಡೆದರೆ ಮತ್ತೆ ಕಲ್ಲು. ಎಡಗಡೆಯ ಎತ್ತು ಮಂಡಿಯೂರಿತು. ನೊಗ ಉಜ್ಜಿ ಅದರ ಹೆಗಲ ಚರ್ಮ ಕಿತ್ತು ರಕ್ತ ಜಿನುಗಿತು. ತಮ್ಮ ಬಾರುಕೋಲು ಎಸೆದು, ಅರ್ಧ ಸಾಲಿನಲ್ಲೇ ನೊಗ ಬಿಚ್ಚಿದ. ಎತ್ತಿನ ಕತ್ತು ತಬ್ಬಿಕೊಂಡ.

"ಇದು ಎಕ್ರೆಯಲ್ಲ ಕಣವ್ವ," ಎಂದ, ತಂಗಿಯ ಮುಖ ನೋಡದೆ. "ಎಳ್ಡನ್ನೂ ನಡೂಕೆ ಸೀಳ್ಬುಡನ. ಕಲ್ಲೂ ಇಬ್ರಿಗಿರ್ಲಿ, ನೀರೂ ಇಬ್ರಿಗಿರ್ಲಿ."

ನನಗೆ ಸಮಾಧಾನವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು. ಒಡಹುಟ್ಟಿದವಳು ತಿಂಗಳುಗಟ್ಟಲೆ ಎದುರಿಗೇ ಇದ್ದಳು. ಕನಿಕರ ಹುಟ್ಟಲು ಎತ್ತಿನ ಹೆಗಲು ಸುಲಿಯಬೇಕಾಯಿತು. ಅದನ್ನು ಅಂದೇಬಿಡಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ತಂಗಿ ಆರತಿ ತಟ್ಟೆಯ ಅರಿಶಿನವನ್ನು ಬೆರಳಲ್ಲಿ ತೆಗೆದು ಎತ್ತಿನ ಗಾಯಕ್ಕೆ ಹಚ್ಚತೊಡಗಿದ್ದಳು.

"ಅಲುಗಾಡ್ದಂಗೆ ಇಡ್ಕಳಣ್ಣ, ಉರೀತದೆ ಅದ್ಕೆ," ಎಂದಳು.